ಶಸ್ತ್ರಚಿಕಿತ್ಸೆಯಾಗಿ 14 ತಿಂಗಳಾದರೂ ಮಗನ ತೊಡೆಮೂಳೆಯ ತಲೆ ಚಪ್ಪಟೆಯಾಗಿಯೇ ಇದೆ. ಇದು ದುಂಡಗಾಗುತ್ತದೆಯೇ?

ಕುಂಟೆಬಿಲ್ಲೆ
ನನ್ನ ಮಗನಿಗೆ ಈಗ 9 ವರ್ಷ. ಏಳೂವರೆ ವರ್ಷದವನಿದ್ದಾಗ ಮಂಡಿ ನೋವೆಂದು ಕುಂಟತೊಡಗಿದ. ಮಂಡಿಯ ಎಕ್ಸ್-ರೇ ತೆಗೆಸಿದೆವು, ಅದರಲ್ಲಿ ಏನೂ ಕಾಣಲಿಲ್ಲ. ಆಡುವಾಗ ಉಳುಕಿರಬೇಕು ಎಂದು ಹೇಳಿ ಕಳುಹಿಸಿದರು. ಹೀಗೆಯೇ ಮೂರು ತಿಂಗಳು ಕಳೆದ ಮೇಲೆ ಇನ್ನೊಬ್ಬ ವೈದ್ಯರು ಅವನನ್ನು ಅಂಗಾತ ಮಲಗಿಸಿ ಕಾಲನ್ನು ಒಳಕ್ಕೆ ತಿರುಗಿಸಲು ನೋಡಿದರು. ಅದು ತಿರುಗದೇ ಹೋದದ್ದರಿಂದ ಸೊಂಟದ ಎಕ್ಸ್-ರೇಗೆ ಬರೆದುಕೊಟ್ಟರು. ಪರ್ತೆಸ್ ಕಾಯಿಲೆ (ಸೊಂಟದ ಕೀಲಿನಲ್ಲಿ ಕೂರುವ ತೊಡೆಮೂಳೆಯ ತಲೆಗೆ ರಕ್ತ ನಿಂತುಹೋಗುವುದು) ಎಂದು ನಮಗೆ ತಿಳಿದದ್ದು ಆಗ.

ತೊಡೆಮೂಳೆಯನ್ನು ತಲೆಯ ಕೆಳಗೆ ಕತ್ತರಿಸಿ, ತಲೆಯು ಸೊಂಟದ ಬಟ್ಟಲಿನೊಳಗೆ ಇನ್ನಷ್ಟು ಆಳವಾಗಿ ಕೂರುವಂತೆ ಓರೆ ಮಾಡಿ, ಪ್ಲೇಟು ಮತ್ತು ಸ್ಕ್ರೂ ಹಾಕಿದರು. ಕತ್ತರಿಸಿದ ಜಾಗ ಎರಡೇ ತಿಂಗಳಲ್ಲಿ ಕೂಡಿಕೊಂಡಿತು. ನನ್ನ ಚಿಂತೆ ಇರುವುದು ತಲೆಯ ಬಗ್ಗೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಫಿಲ್ಮಿನಲ್ಲಿ ಅದು ಹೆಚ್ಚುಕಡಿಮೆ ದುಂಡಗೇ ಇತ್ತು, ಉಳಿದ ಮೂಳೆಗಿಂತ ತುಸು ಬೆಳ್ಳಗೆ ಕಾಣುತ್ತಿತ್ತು ಅಷ್ಟೆ. ಆರು ತಿಂಗಳ ನಂತರದ ಫಿಲ್ಮಿನಲ್ಲಿ ಮೂರು ನಾಲ್ಕು ಚೂರಾಗಿ ಒಡೆದಂತಿತ್ತು. ಮೊನ್ನೆಯದರಲ್ಲಿ ಹೊರಬದಿ ತಗ್ಗಿ ಚಪ್ಪಟೆಯಾಗಿದೆ. ನಾಲ್ಕೂ ಫಿಲ್ಮುಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ, ಮೇಲೆ ತೆಳುಕಾಗದ ಹಿಡಿದು, ತಲೆಯ ಅಂಚನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಒಂದರ ಮೇಲೊಂದು ಇಟ್ಟು ನೋಡಿದೆ. ದಿನೇ ದಿನೇ ಹದಗೆಡುತ್ತಿರುವುದೇ ನನಗೆ ಕಂಡದ್ದು.

ವೈದ್ಯರು ಮಾತ್ರ "ಮೂಳೆ ತಾನಾಗಿಯೇ ತಿದ್ದಿಕೊಳ್ಳುತ್ತದೆ, ಇನ್ನೂ ಎರಡು ಮೂರು ವರ್ಷ ಕಾಯಿರಿ" ಎಂದು ಎರಡು ನಿಮಿಷದಲ್ಲಿ ಮಾತು ಮುಗಿಸಿದರು. ಈ ತಿದ್ದಿಕೊಳ್ಳುವುದು ಎಂದರೇನು? ತಾನು ದುಂಡಗಿರಬೇಕೆಂದು ಮೂಳೆಗೆ ಹೇಗೆ ಗೊತ್ತಾಗುತ್ತದೆ? ಅಥವಾ ಶಸ್ತ್ರಚಿಕಿತ್ಸೆ ಕೈಕೊಟ್ಟಿದೆ ಎಂಬುದನ್ನು ಮೃದುವಾಗಿ ಹೇಳುವ ರೀತಿಯೇ ಇದು?

ಹಳೇ ಊರುಗೋಲು
ಗಾಬರಿ ಬೇಡ. ನೀವು ಹೇಳಿದ ಬೆಳ್ಳಗಾಗುವುದು, ಚೂರಾಗುವುದು, ತಗ್ಗುವುದು ಎಲ್ಲವೂ ಈ ಕಾಯಿಲೆ ನಡೆಯುವ ಹಾದಿಯೇ. ಶಸ್ತ್ರಚಿಕಿತ್ಸೆ ಆ ಹಾದಿಯನ್ನು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ನನ್ನದೇ ಕಥೆಯಿದೆ, ಬಿಡುವಾದಾಗ ಬರೆಯುತ್ತೇನೆ.

ನಿಧಾನವೇ ಪ್ರಧಾನ
ನಾನು ಮಕ್ಕಳ ಫಿಸಿಯೋಥೆರಪಿ ಮಾಡುವವಳು, ಶಸ್ತ್ರಚಿಕಿತ್ಸಕಿಯಲ್ಲ. ಆದರೆ ಈ ಪ್ರಶ್ನೆಯನ್ನು ವಾರಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುತ್ತೇನೆ.

ಮೊದಲಿಗೆ, ಮೂಳೆ ಕೂಡುವುದು ಬೇರೆ, ಮೂಳೆ ತಿದ್ದಿಕೊಳ್ಳುವುದು ಬೇರೆ. ವೈದ್ಯರು ಕತ್ತರಿಸಿದ್ದು ಒಳ್ಳೆಯ ರಕ್ತಸಂಚಾರವಿರುವ ಜೀವಂತ ಮೂಳೆಯನ್ನು, ಆದ್ದರಿಂದ ಅದು ಎರಡು ತಿಂಗಳಲ್ಲಿ ಕೂಡಿತು. ತಲೆಯ ಪಾಡು ಹಾಗಲ್ಲ. ಅಲ್ಲಿಗೆ ರಕ್ತ ನಿಂತುಹೋಗಿ ಒಳಗಿನ ಮೂಳೆ ಸತ್ತಿರುತ್ತದೆ. ರಕ್ತ ಮತ್ತೆ ಹರಿಯತೊಡಗಿದಾಗ ಮೊದಲು ಬರುವುದು ಸತ್ತ ಮೂಳೆಯನ್ನು ಕರಗಿಸುವ ಕೋಶಗಳು. ಕಟ್ಟುವ ಕೋಶಗಳ ಕೆಲಸ ಅದರ ಬೆನ್ನಿಗೆ, ಬಹಳ ನಿಧಾನವಾಗಿ ಸಾಗುತ್ತದೆ. ಕರಗುವ ವೇಗಕ್ಕೂ ಕಟ್ಟುವ ವೇಗಕ್ಕೂ ಇರುವ ಈ ಅಂತರದಲ್ಲಿಯೇ ತಲೆ ಮೆತ್ತಗಾಗಿ ಕುಸಿಯುತ್ತದೆ. ನಿಮ್ಮ ಆರು ತಿಂಗಳ ಫಿಲ್ಮಿನಲ್ಲಿ ಚೂರುಗಳಂತೆ ಕಂಡದ್ದು ಇನ್ನೂ ಕರಗದ ಮೂಳೆ. ನಡುವಿನ ಕಪ್ಪು ಜಾಗಗಳಲ್ಲಿ ಮೂಳೆ ಕರಗಿ, ಎಕ್ಸ್-ರೇಯಲ್ಲಿ ಕಾಣದ ಮೆತ್ತನೆಯ ಅಂಗಾಂಶ ತುಂಬಿಕೊಂಡಿರುತ್ತದೆ.

ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಅವರ ಹೆಸರಿನಲ್ಲಿ ಇದಕ್ಕೆ ನಾಲ್ಕು ಘಟ್ಟಗಳಿವೆ: ಮೂಳೆ ಸಾಯುವುದು, ಚೂರಾಗುವುದು, ಮತ್ತೆ ತುಂಬುವುದು, ಮಾಗುವುದು. ಚೂರಾಗುವ ಘಟ್ಟ ಸುಮಾರು ಒಂದು ವರ್ಷ ಹಿಡಿಯುತ್ತದೆ, ತುಂಬುವ ಘಟ್ಟ ಮೂರರಿಂದ ಐದು ವರ್ಷ. ನೀವು ಎರಡನೆಯದರ ಕೊನೆಯಲ್ಲೋ ಮೂರನೆಯದರ ಬಾಗಿಲಲ್ಲೋ ನಿಂತಿದ್ದೀರಿ. ಅಳೆಯುವುದಕ್ಕೆ ಇದು ಅತ್ಯಂತ ಕೆಟ್ಟ ಹೊತ್ತು.

ಶಸ್ತ್ರಚಿಕಿತ್ಸೆ ತಲೆಯನ್ನು ದುಂಡಗೆ ಮಾಡುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೆತ್ತಗಿರುವಷ್ಟು ಕಾಲ ತಲೆಯನ್ನು ಬಟ್ಟಲಿನೊಳಗೆ ಕೂರಿಸಿಡುವುದಷ್ಟೇ ಅದರ ಕೆಲಸ. ಬಟ್ಟಲು ಇಲ್ಲಿ ಅಚ್ಚು. ಹೊರಗೆ ಇಣುಕಿದ ಭಾಗಕ್ಕೆ ಅಚ್ಚಿನ ಅಂಚು ಒತ್ತಿ ತಗ್ಗು ಬೀಳುತ್ತದೆ, ಒಳಗಿದ್ದ ಭಾಗ ಅಚ್ಚಿನ ಆಕಾರ ಪಡೆಯುತ್ತದೆ.

ಪ್ರಶ್ನಾರ್ಥಕ
ಅಚ್ಚಿನ ಹೋಲಿಕೆ ಕೇಳಲು ಚೆನ್ನಾಗಿದೆ. ಆದರೆ ಮೂಳೆಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನು ಓದಿದ ಮಟ್ಟಿಗೆ ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲಿಯೇ ಇದನ್ನು ನಿಯಮವಾಗಿ ಬರೆದಿಟ್ಟಿದ್ದಾರೆ: ಭಾರ ಬೀಳುವ ಕಡೆ ಮೂಳೆ ಗಟ್ಟಿಯಾಗುತ್ತದೆ, ಬೀಳದ ಕಡೆ ತೆಳುವಾಗುತ್ತದೆ. ಹಾಗಿದ್ದರೆ ಹುಡುಗ ಚೆನ್ನಾಗಿ ಓಡಾಡಲಿ, ಭಾರ ಬೀಳಲಿ, ಮೂಳೆ ಕಟ್ಟಿಕೊಳ್ಳಲಿ. ಇಂಥ ಮಕ್ಕಳಿಗೆ ಊರುಗೋಲು ಕೊಟ್ಟು ಕೂರಿಸುವುದು ಏಕೆ?

ತಾಳ್ಮೆಗೆಟ್ಟವಳು
ನಮ್ಮ ಮಗಳದ್ದೂ ಸೊಂಟವೇ. ಅವಳು ನಡೆಯತೊಡಗಿದ ಮೇಲೆಯೇ ಕೀಲು ತಪ್ಪಿರುವುದು ಗೊತ್ತಾದದ್ದು. ಮೂರನೇ ವರ್ಷದಲ್ಲಿ ಸಾಲ್ಟರ್ ಶಸ್ತ್ರಚಿಕಿತ್ಸೆ ಮಾಡಿದರು. ಬಟ್ಟಲಿನ ಮೇಲಿನ ಮೂಳೆಯನ್ನು ಕತ್ತರಿಸಿ, ಅವಳ ಸೊಂಟದ ಅಂಚಿನಿಂದಲೇ ತೆಗೆದ ಬೆಣೆಯಾಕಾರದ ತುಂಡನ್ನು ಆ ಸಂದಿಗೆ ಇಟ್ಟು, ತಂತಿ ಚುಚ್ಚಿ, ಎದೆಯಿಂದ ಕಾಲಿನವರೆಗೆ ಆರು ವಾರ ಪ್ಲಾಸ್ಟರ್ ಹಾಕಿದ್ದರು. ಈಗ ಆರು ವರ್ಷದವಳು, ಫಿಲ್ಮಿನಲ್ಲಿ ಯಾವ ಕಡೆ ಶಸ್ತ್ರಚಿಕಿತ್ಸೆಯಾಗಿದೆ ಎಂದು ನನಗೆ ಗುರುತಿಸಲಾಗುವುದಿಲ್ಲ. ಎರಡು ವರ್ಷದಲ್ಲಿ ಎಲ್ಲವೂ ಸರಿಹೋಯಿತು. ನಿಮ್ಮ ಮಗನದೂ ಹಾಗೆಯೇ ಆಗುತ್ತದೆ, ಧೈರ್ಯವಾಗಿರಿ.

ಕತ್ತಲೆಕೋಣೆ
ಮೇಡಂ, ನಿಮ್ಮ ಮಗಳ ವಿಷಯ ಕೇಳಿ ಸಂತೋಷವಾಯಿತು, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಿಮ್ಮ ಮಗಳಿಗೆ ತಲೆ ಜೀವಂತವಾಗಿತ್ತು, ಬಟ್ಟಲು ಆಳವಾಗಿರಲಿಲ್ಲ. ದುಂಡನೆಯ ತಲೆ ಸರಿಯಾದ ಜಾಗದಲ್ಲಿ ಕುಳಿತರೆ ಬಟ್ಟಲು ಅದರ ಸುತ್ತ ಬೆಳೆಯುತ್ತದೆ, ಮೊದಲ ನಾಲ್ಕು ವರ್ಷಗಳಲ್ಲಿ ಆ ಶಕ್ತಿ ಹೆಚ್ಚು. ಅಲ್ಲಿ ತಲೆ ಬಟ್ಟಲನ್ನು ತಿದ್ದುತ್ತದೆ. ಪರ್ತೆಸ್‌ನಲ್ಲಿ ಬಟ್ಟಲು ಸರಿಯಿರುತ್ತದೆ, ತಲೆ ಕೆಟ್ಟಿರುತ್ತದೆ, ಆದ್ದರಿಂದ ಬಟ್ಟಲು ತಲೆಯನ್ನು ತಿದ್ದಬೇಕು. ವಯಸ್ಸೂ ಬೇರೆ. ಮೂರು ವರ್ಷದ ಮಗುವಿನ ಮುಂದೆ ಇರುವಷ್ಟು ಬೆಳವಣಿಗೆಯ ವರ್ಷಗಳು ಎಂಟು ವರ್ಷದ ಹುಡುಗನ ಮುಂದೆ ಇರುವುದಿಲ್ಲ.

ತಾಳ್ಮೆಗೆಟ್ಟವಳು
ಒಪ್ಪಿದೆ. ಸಮಾಧಾನ ಹೇಳುವ ಆತುರದಲ್ಲಿ ಬರೆದೆ.

ನಿಧಾನವೇ ಪ್ರಧಾನ
ಪ್ರಶ್ನಾರ್ಥಕ ಅವರೇ, ವೋಲ್ಫ್ ಹೇಳಿದ್ದು ಗಟ್ಟಿಯಾದ, ಜೀವಂತ ಮೂಳೆಯ ವಿಷಯ. ಮೂಳೆಯೊಳಗೆ ಹುದುಗಿರುವ ಕೋಶಗಳು ಕೂದಲಿಗಿಂತ ಸಣ್ಣ ನಾಳಗಳಲ್ಲಿ ಒಂದಕ್ಕೊಂದು ಕೈಚಾಚಿಕೊಂಡಿರುತ್ತವೆ. ಭಾರಕ್ಕೆ ಮೂಳೆ ತುಸುವೇ ಬಾಗಿದರೂ ಆ ನಾಳಗಳಲ್ಲಿನ ದ್ರವ ಸರಿದಾಡುತ್ತದೆ, ಅದನ್ನು ಗ್ರಹಿಸಿದ ಕೋಶಗಳು ಎಲ್ಲಿ ಕಟ್ಟಬೇಕು, ಎಲ್ಲಿ ಕರಗಿಸಬೇಕು ಎಂಬ ಸೂಚನೆ ಕಳುಹಿಸುತ್ತವೆ. ಅವು ಸತ್ತಿದ್ದರೆ ಸೂಚನೆ ಕಳುಹಿಸುವವರು ಯಾರು? ಆ ಸಮಯದಲ್ಲಿ ಭಾರ ಹೇರಿದರೆ ತಲೆ ಕುಸಿಯುವುದೇ ಸರಿ. ರಕ್ತ ಬಂದು ಹೊಸ ಮೂಳೆ ತುಂಬಿದ ಮೇಲೆ ನಿಮ್ಮ ವೋಲ್ಫ್ ಅಲ್ಲಿ ಕೆಲಸಕ್ಕೆ ಹಾಜರಾಗುತ್ತಾರೆ.

ಪ್ರಶ್ನಾರ್ಥಕ
ಇನ್ನೊಂದು ಗಂಟು ಬಿಡಿಸಿ. ಹ್ಯೂಟರ್ ಮತ್ತು ಫೋಕ್‌ಮನ್ 1862ರಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಹೇಳಿದ್ದಾರೆ: ಒತ್ತಡ ಹೆಚ್ಚಾದರೆ ಬೆಳವಣಿಗೆ ನಿಧಾನವಾಗುತ್ತದೆ, ಕಡಿಮೆಯಾದರೆ ಚುರುಕಾಗುತ್ತದೆ. ಒಂದೇ ಒತ್ತಡ ಒಮ್ಮೆ ಕಟ್ಟುತ್ತದೆ, ಒಮ್ಮೆ ತಡೆಯುತ್ತದೆ ಎಂದರೆ ಯಾವುದನ್ನು ನಂಬುವುದು?

ಕತ್ತಲೆಕೋಣೆ
ಎರಡನ್ನೂ ನಂಬಿ. ಒಂದು ಆಗಲೇ ಆಗಿರುವ ಮೂಳೆಗೆ, ಇನ್ನೊಂದು ಮೂಳೆಯಾಗಬೇಕಾಗಿರುವ ಮೃದ್ವಸ್ಥಿಗೆ.

ನಿಧಾನವೇ ಪ್ರಧಾನ
ಒಂದೇ ಸಾಲಿನಲ್ಲಿ ಹೇಳಿಬಿಟ್ಟಿರಿ. ಮಕ್ಕಳ ತೊಡೆಮೂಳೆಯ ತಲೆಯ ಹೊರಪದರ ದಪ್ಪ ಮೃದ್ವಸ್ಥಿ, ಅದು ಬೆಳೆದಂತೆಲ್ಲ ಒಳಗಿನಿಂದ ಮೂಳೆಯಾಗುತ್ತ ಬರುತ್ತದೆ. ಎಕ್ಸ್-ರೇಯಲ್ಲಿ ಈ ಪದರ ಕಾಣುವುದೇ ಇಲ್ಲ. ಕುಂಟೆಬಿಲ್ಲೆ ಅವರು ಕಿಟಕಿಯ ಬಳಿ ನಿಂತು ಬರೆದುಕೊಂಡದ್ದು ಒಳಗಿನ ಮೂಳೆಯ ಅಂಚನ್ನೇ ಹೊರತು ತಲೆಯ ನಿಜವಾದ ಹೊರಮೈಯನ್ನಲ್ಲ. ಒಳಗಿನ ಮೂಳೆ ಚಪ್ಪಟೆಯಾಗಿದ್ದರೂ ಹೊರಗಿನ ಮೃದ್ವಸ್ಥಿ ಅದಕ್ಕಿಂತ ದುಂಡಗಿರುವುದುಂಟು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೀಲಿನೊಳಕ್ಕೆ ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುವುದು ಈ ಕಾಣದ ಅಂಚನ್ನು ನೋಡುವುದಕ್ಕಾಗಿಯೇ.

ಮೂರನೇ ಬೆಂಚು
ಕ್ಯಾಲ್ಸಿಯಂ ಮಾತ್ರೆ ಹೆಚ್ಚು ಕೊಟ್ಟರೆ ಬೇಗ ತುಂಬುವುದಿಲ್ಲವೇ?

ಕತ್ತಲೆಕೋಣೆ
ಇಲ್ಲ. ಕೊರತೆಯಾಗಿದ್ದು ರಕ್ತಸಂಚಾರಕ್ಕೆ, ಸುಣ್ಣಕ್ಕಲ್ಲ. ವಿಟಮಿನ್ ಡಿ ಕಡಿಮೆಯಿದೆ ಎಂದು ಪರೀಕ್ಷೆಯಲ್ಲಿ ಕಂಡರೆ ಅದನ್ನು ಸರಿಪಡಿಸಬೇಕು, ಅಷ್ಟೆ.

ನೇರನುಡಿ
ಕೇಳಲು ಕಹಿಯಾದರೂ ಒಂದು ಮಾತು ಹೇಳುತ್ತೇನೆ. ಹೆರಿಂಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ತಲೆಯ ಹೊರಬದಿಯ ಕಂಬ (ಫಿಲ್ಮಿನಲ್ಲಿ ಕಾಣುವ ತಲೆಯ ಹೊರ ಅಂಚಿನ ಭಾಗ) ಎಷ್ಟು ಎತ್ತರ ಉಳಿದಿದೆ ಎಂಬುದರ ಮೇಲೆ ಮಕ್ಕಳನ್ನು ವಿಂಗಡಿಸಿದ್ದರು. ಪೂರ್ತಿ ಉಳಿದಿದ್ದರೆ ಎ ಗುಂಪು, ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಬಿ ಗುಂಪು, ಅರ್ಧಕ್ಕಿಂತ ಕಡಿಮೆಯಾದರೆ ಸಿ ಗುಂಪು, ನಡುವಿನವು ಗಡಿಯ ಗುಂಪು. ಕಾಯಿಲೆ ಶುರುವಾದಾಗ 8 ವರ್ಷ ದಾಟಿದ್ದ ಬಿ ಮತ್ತು ಗಡಿಯ ಗುಂಪಿನವರಿಗೆ ಶಸ್ತ್ರಚಿಕಿತ್ಸೆಯಿಂದ ಲಾಭವಾಯಿತು. 8ಕ್ಕಿಂತ ಚಿಕ್ಕ ಬಿ ಗುಂಪಿನವರು ಹೇಗೆ ನೋಡಿಕೊಂಡರೂ ಚೆನ್ನಾದರು. ಸಿ ಗುಂಪಿನವರಿಗೆ ಏನು ಮಾಡಿದರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ನಿಮ್ಮ ಮಗನಿಗೆ ಏಳೂವರೆ. ಶಸ್ತ್ರಚಿಕಿತ್ಸೆಯೇ ಬೇಕಿರಲಿಲ್ಲವೇನೋ!

ಹಳೇ ಊರುಗೋಲು
ಆಗಿಹೋದ ಶಸ್ತ್ರಚಿಕಿತ್ಸೆಯ ಬಗ್ಗೆ ತಾಯಿಯೊಬ್ಬರಿಗೆ ಹೀಗೆ ಬರೆಯುವುದರಿಂದ ನಿಮಗೆ ಬಂದ ಭಾಗ್ಯವೇನು?

ನೇರನುಡಿ
ನಾನು ಅಂಕಿಅಂಶ ಹೇಳಿದೆ. ಭಾವುಕರಾಗುವುದರಿಂದ ಅಂಕಿ ಬದಲಾಗುವುದಿಲ್ಲ.

ಕತ್ತಲೆಕೋಣೆ
ಅಂಕಿ ಸರಿಯಿದೆ, ಅನ್ವಯಿಸಿದ ರೀತಿ ತಪ್ಪಿದೆ. ಹೊರಬದಿಯ ಕಂಬದ ಎತ್ತರ ಅಳೆಯಬೇಕಾದರೆ ತಲೆ ಚೂರಾಗುವ ಘಟ್ಟಕ್ಕೆ ಬಂದಿರಬೇಕು. ಮೊದಲ ಘಟ್ಟದಲ್ಲಿ ಕಂಬ ನಿಂತೇ ಇರುತ್ತದೆ, ಎಲ್ಲರದೂ ಎ ಗುಂಪಿನಂತೆಯೇ ಕಾಣುತ್ತದೆ. ಆದರೆ ತಲೆಯನ್ನು ಬಟ್ಟಲಿನೊಳಗೆ ಕೂರಿಸುವ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನ ಸಿಗಬೇಕಾದರೆ ಅದು ಕುಸಿಯುವ ಮುಂಚೆಯೇ, ಎಂದರೆ ಮೊದಲ ಘಟ್ಟದಲ್ಲಿ ಅಥವಾ ಚೂರಾಗತೊಡಗಿದ ಕೂಡಲೇ ಆಗಬೇಕು. ಗುಂಪು ಯಾವುದೆಂದು ಖಚಿತವಾಗುವವರೆಗೆ ಕಾದರೆ ಹೊತ್ತು ಮೀರುತ್ತದೆ, ಕಾಯದಿದ್ದರೆ ಗುಂಪು ಗೊತ್ತಿರುವುದಿಲ್ಲ. ಪ್ರತಿಯೊಬ್ಬ ಮಕ್ಕಳ ಮೂಳೆ ತಜ್ಞರೂ ಸಿಕ್ಕಿಕೊಳ್ಳುವುದು ಈ ಇಕ್ಕಟ್ಟಿನಲ್ಲಿ. ಅವರು ಆಗ ನೋಡುವುದು ಕಾಲು ಎಷ್ಟು ಅಗಲಿಸುತ್ತದೆ, ತಲೆ ಹೊರಕ್ಕೆ ಜಾರುತ್ತಿದೆಯೇ, ಹುಡುಗನ ಮೂಳೆಯ ವಯಸ್ಸೆಷ್ಟು ಎಂಬುದನ್ನು. ಏಳೂವರೆ ಎಂಟರ ಪಕ್ಕದ ಮನೆಯೇ, ಅಲ್ಲಿ ಗೋಡೆಯೇನೂ ಕಟ್ಟಿಲ್ಲ.

ಕುಂಟೆಬಿಲ್ಲೆ
ಕತ್ತಲೆಕೋಣೆ ಅವರು ಬರೆದದ್ದನ್ನು ಎರಡು ಸಲ ಓದಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ನಡೆದದ್ದು ಬಹುತೇಕ ಇದೇ. ತಲೆ ಬಟ್ಟಲಿನ ಅಂಚಿನಿಂದ ಹೊರಕ್ಕೆ ಸರಿಯುತ್ತಿದೆ ಎಂದು ವೈದ್ಯರು ಫಿಲ್ಮಿನ ಮೇಲೆ ಗೆರೆ ಎಳೆದು ತೋರಿಸಿದ್ದರು. ಕಾಲು ಅಗಲಿಸುವಾಗ ಅವನು ಅತ್ತುಬಿಟ್ಟಿದ್ದ. ನೇರನುಡಿ ಅವರೇ, ನೀವು ಹೇಳಿದ ಅಧ್ಯಯನವನ್ನು ನಾನೂ ಓದಿಕೊಂಡೇ ಆಸ್ಪತ್ರೆಗೆ ಹೋಗಿದ್ದೆ. ನಾನು ಇಲ್ಲಿ ಕೇಳಿದ್ದು ಮಾಡಬೇಕಿತ್ತೇ ಎಂದಲ್ಲ, ಮುಂದೇನು ಎಂದು.

ನೇರನುಡಿ
ಸರಿ, ಕ್ಷಮಿಸಿ. ಹೊರಕ್ಕೆ ಸರಿಯುತ್ತಿತ್ತು ಎಂಬುದನ್ನು ನೀವು ಮೊದಲು ಬರೆದಿರಲಿಲ್ಲ.

ಹಳೇ ಊರುಗೋಲು
ಬರೆಯುತ್ತೇನೆ ಎಂದಿದ್ದ ಕಥೆ. ನನಗೆ ಆರನೇ ವರ್ಷಕ್ಕೆ ಬಂತು. ಆ ಕಾಲದಲ್ಲಿ ನನಗೆ ಶಸ್ತ್ರಚಿಕಿತ್ಸೆ ಮಾಡಲಿಲ್ಲ. ಎರಡೂ ಕಾಲುಗಳನ್ನು ಅಗಲಿಸಿ ಹಿಡಿಯುವ, ತೊಡೆಗಳ ನಡುವೆ ಲೋಹದ ಸರಳಿರುವ ಪಟ್ಟಿಯನ್ನು ಕಟ್ಟಿದರು. ಎರಡು ವರ್ಷ ಬಾತುಕೋಳಿಯಂತೆ ನಡೆದೆ. ನನಗಿಂತ ಹಿಂದಿನ ತಲೆಮಾರಿನ ಮಕ್ಕಳನ್ನು ವರ್ಷಗಟ್ಟಲೆ ಹಾಸಿಗೆಯಲ್ಲಿಯೇ ಮಲಗಿಸುತ್ತಿದ್ದರು, ಅದಕ್ಕೆ ಹೋಲಿಸಿದರೆ ನನ್ನದು ರಾಜಭೋಗ. (1910ರಲ್ಲಿ ಲೆಗ್, ಕಾಲ್ವೆ, ಪರ್ತೆಸ್ ಎಂಬ ಮೂವರು ಮೂರು ದೇಶಗಳಲ್ಲಿ ಬೇರೆಬೇರೆಯಾಗಿ ಇದನ್ನು ಗುರುತಿಸಿದರು. ಮೇಲೆ ಹೆಸರು ಬಂದ ವಾಲ್ಡೆನ್‌ಸ್ಟ್ರೋಮ್ ಒಂದು ವರ್ಷ ಮುಂಚೆಯೇ ಕಂಡಿದ್ದರು, ಆದರೆ ಕ್ಷಯವೆಂದು ತಿಳಿದರು.)

ಈಗ ನನಗೆ ಐವತ್ತರ ಮೇಲಾಗಿದೆ. ನನ್ನ ತೊಡೆಮೂಳೆಯ ತಲೆ ದುಂಡಗಾಗಲಿಲ್ಲ. ಸಾಮಾನ್ಯಕ್ಕಿಂತ ದೊಡ್ಡದಾಗಿ, ಅಣಬೆಯ ಕೊಡೆಯಂತೆ ತುಸು ಚಪ್ಪಟೆಯಾಗಿ ಮಾಗಿತು. ಆದರೆ ಬಟ್ಟಲು ಸುಮ್ಮನಿರಲಿಲ್ಲ, ಅದೂ ತಲೆಗೆ ಹೊಂದಿಕೊಂಡು ಅಗಲವಾಯಿತು. ಕಾಲನ್ನು ಒಳಕ್ಕೆ ತಿರುಗಿಸಲು ಬರುವುದಿಲ್ಲ, ಮೆಟ್ಟಿಲು ಹತ್ತಿದ ಸಂಜೆ ತೊಡೆಸಂದಿ ಹಿಡಿದುಕೊಳ್ಳುತ್ತದೆ. ಅಷ್ಟರ ಮೇಲೆ ಕೀಲು ಇನ್ನೂ ನನ್ನದೇ.

ನಿಧಾನವೇ ಪ್ರಧಾನ
ನಿಮ್ಮದಕ್ಕೆ ಸ್ಟಲ್‌ಬರ್ಗ್ ಮತ್ತು ಸಂಗಡಿಗರು 1981ರಲ್ಲಿ ಕೊಟ್ಟ ಐದು ವರ್ಗಗಳಲ್ಲಿ ಜಾಗವಿದೆ. ಮೊದಲೆರಡರಲ್ಲಿ ತಲೆ ದುಂಡಗಿರುತ್ತದೆ. ಮೂರು, ನಾಲ್ಕರಲ್ಲಿ ದುಂಡಗಿರುವುದಿಲ್ಲ, ಆದರೆ ಬಟ್ಟಲು ಅದಕ್ಕೆ ಒಗ್ಗಿರುತ್ತದೆ. ಐದನೆಯದರಲ್ಲಿ ಒಂದಕ್ಕೊಂದು ಹೊಂದುವುದೇ ಇಲ್ಲ, ಅವರಿಗೆ ಸಂಧಿವಾತ ಐವತ್ತರ ಒಳಗೇ ಬರುತ್ತದೆ. ಆದ್ದರಿಂದ ದುಂಡಗಾಗುತ್ತದೆಯೇ ಎಂಬುದರ ಜೊತೆಗೆ ತಲೆ, ಬಟ್ಟಲು ಎರಡೂ ಹೊಂದಿಕೊಳ್ಳುತ್ತವೆಯೇ ಎಂದೂ ಕೇಳಬೇಕು. ಇದನ್ನು ಹೇಳುವುದು ಮೂಳೆ ಬೆಳೆದು ಮುಗಿದ ಮೇಲೆ. ಒಂಬತ್ತನೇ ವರ್ಷದಲ್ಲಿ ಯಾರಾದರೂ ವರ್ಗ ಹೇಳಿದರೆ ಅದು ಜ್ಯೋತಿಷ್ಯ.

ಪ್ರಶ್ನಾರ್ಥಕ
ಓರೆ ಮಾಡಿದ ಮೂಳೆ ಹಾಗೆಯೇ ಓರೆಯಾಗಿ ಉಳಿಯುತ್ತದೆಯೇ? ಒಂದನ್ನು ಸರಿಪಡಿಸಲು ಇನ್ನೊಂದನ್ನು ಸೊಟ್ಟ ಮಾಡಿದಂತಾಗಲಿಲ್ಲವೇ?

ನಿಧಾನವೇ ಪ್ರಧಾನ
ಒಳ್ಳೆಯ ಪ್ರಶ್ನೆ. ಹುಟ್ಟುವಾಗ ತೊಡೆಮೂಳೆಯ ಕತ್ತಿಗೂ (ತಲೆಯ ಕೆಳಗಿನ ಕಿರಿದಾದ ಭಾಗ) ದಿಂಡಿಗೂ (ಉದ್ದನೆಯ ಭಾಗ) ನಡುವಿನ ಕೋನ ಸುಮಾರು 150 ಡಿಗ್ರಿ, ದೊಡ್ಡವರಾಗುವ ಹೊತ್ತಿಗೆ ಸುಮಾರು 125. ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಇನ್ನೂ ಹತ್ತು ಹದಿನೈದು ಡಿಗ್ರಿ ತಗ್ಗಿಸುತ್ತಾರೆ. ಚಿಕ್ಕ ಮಕ್ಕಳಲ್ಲಿ ಬೆಳವಣಿಗೆಯ ಫಲಕ (ಮೂಳೆ ಉದ್ದ ಬೆಳೆಯುವ ಮೃದ್ವಸ್ಥಿಯ ಪದರ) ಚೆನ್ನಾಗಿದ್ದರೆ ಕೋನ ವರ್ಷಗಳಲ್ಲಿ ಮತ್ತೆ ಏರುತ್ತದೆ, ವಯಸ್ಸು ಹೆಚ್ಚಾದಂತೆ ಏರುವುದು ಕಡಿಮೆ. ಕಾಯಿಲೆಯೇ ಆ ಫಲಕವನ್ನು ಕೆಡಿಸಿದ್ದರೆ ಕತ್ತು ಗಿಡ್ಡವಾಗಿ ಉಳಿದು, ಪಕ್ಕದ ಹೊರ ಉಬ್ಬು ಮಾತ್ರ ಬೆಳೆಯುತ್ತ ಮೇಲೇರುತ್ತದೆ. ಆಗ ಸೊಂಟದ ಹೊರಬದಿಯ ಸ್ನಾಯುಗಳು ಸಡಿಲಬಿದ್ದ ಹಗ್ಗದಂತಾಗುತ್ತವೆ.

ಕುಂಟೆಬಿಲ್ಲೆ ಅವರೇ, ಮನೆಯಲ್ಲಿಯೇ ನೋಡಬಹುದು. ಮಗನನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಮೇಲೆ ಒಂಟಿಯಾಗಿ ನಿಲ್ಲಿಸಿ, ಹಿಂದಿನಿಂದ ಸೊಂಟದ ಎರಡೂ ಮೂಳೆಗಳ ಮೇಲೆ ಬೆರಳಿಡಿ. ಎತ್ತಿದ ಕಾಲಿನ ಕಡೆಯ ಸೊಂಟ ಕೆಳಕ್ಕೆ ಜಾರಿದರೆ ಸ್ನಾಯು ಸೋತಿದೆ ಎಂದರ್ಥ. ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ತೋರಿಸಿಕೊಟ್ಟ ಪರೀಕ್ಷೆಯಿದು. ಎಷ್ಟು ಸೆಕೆಂಡಿಗೆ ಜಾರುತ್ತದೆ ಎಂದು ಬರೆದಿಟ್ಟುಕೊಳ್ಳಿ, ಮುಂದಿನ ಭೇಟಿಯಲ್ಲಿ ತೋರಿಸಿ.

ಕುಂಟೆಬಿಲ್ಲೆ
ಈಗಷ್ಟೇ ನೋಡಿದೆ. ಹದಿನೆಂಟು ಸೆಕೆಂಡು ನಿಂತ, ಆಮೇಲೆ ಎಡಗಡೆ ಮೆಲ್ಲಗೆ ಇಳಿಯಿತು. ಅವನಿಗೆ ಅದು ಆಟವಾಗಿಬಿಟ್ಟಿದೆ, ಈಗ ತಂಗಿಯನ್ನೂ ನಿಲ್ಲಿಸಿ ಎಣಿಸುತ್ತಿದ್ದಾನೆ. ಮುಂದಿನ ತಿಂಗಳು ಪ್ಲೇಟು ತೆಗೆಯುತ್ತಾರೆ. ತೆಗೆದ ಮೇಲೆ ಓಡಬಹುದೇ?

ತಾಳ್ಮೆಗೆಟ್ಟವಳು
ಪ್ಲೇಟು ತೆಗೆದ ಮೇಲೆಯೇ ಜಾಗ್ರತೆ ಹೆಚ್ಚು ಬೇಕು. ನಮ್ಮ ಪಕ್ಕದ ಹಾಸಿಗೆಯ ಹುಡುಗ ತೆಗೆಸಿಕೊಂಡ ಎರಡನೇ ವಾರಕ್ಕೆ ಮಂಚದಿಂದ ಹಾರಿ ತೊಡೆ ಮುರಿದುಕೊಂಡು ಮತ್ತೆ ಬಂದಿದ್ದ.

ನಿಧಾನವೇ ಪ್ರಧಾನ
ನಿಜ. ಸ್ಕ್ರೂ ಇದ್ದ ಜಾಗದಲ್ಲಿ ತೂತುಗಳು ಉಳಿಯುತ್ತವೆ, ತಿರುಚುವ ಬಲಕ್ಕೆ ಮೂಳೆ ಅಲ್ಲಿಂದಲೇ ಬಿರಿಯುತ್ತದೆ. ಇಷ್ಟು ಕಾಲ ಭಾರವನ್ನು ಪ್ಲೇಟು ಹಂಚಿಕೊಂಡಿದ್ದರಿಂದ ಅದರ ಕೆಳಗಿನ ಮೂಳೆ ತುಸು ಸೊರಗಿಯೂ ಇರುತ್ತದೆ, ಅದು ವೋಲ್ಫ್ ಹೇಳಿದ ಪ್ರಕಾರವೇ. ನಡೆಯಲು ಬೇಗ ಬಿಡುತ್ತಾರೆ. ಹಾರುವುದು, ಕುಸ್ತಿ, ಓಟದ ಪಂದ್ಯ ಮಾತ್ರ ಕೆಲವು ವಾರ ಬೇಡ. ಎಷ್ಟು ವಾರ ಎಂಬುದನ್ನು ತೆಗೆದವರೇ ಹೇಳಬೇಕು. ಈಜು ಎಲ್ಲಕ್ಕಿಂತ ಒಳ್ಳೆಯದು, ಗಾಯ ಒಣಗಿದ ಮೇಲೆ.

ಕತ್ತಲೆಕೋಣೆ
ಫಿಲ್ಮುಗಳ ಬಗ್ಗೆ ಕೊನೆಗೊಂದು ಮಾತು, ಏಕೆಂದರೆ ಅವನ್ನು ತೆಗೆಯುವುದೇ ನನ್ನ ಉದ್ಯೋಗ. ನೀವು ಕಾಗದದ ಮೇಲೆ ಬರೆದುಕೊಂಡದ್ದು ಹುಚ್ಚಲ್ಲ, ವೈದ್ಯರೂ ಅದನ್ನೇ ಮಾಡುತ್ತಾರೆ. ಒಂದರೊಳಗೊಂದು ವೃತ್ತಗಳಿರುವ ಪಾರದರ್ಶಕ ಹಾಳೆಯನ್ನು ತಲೆಯ ಚಿತ್ರದ ಮೇಲಿಟ್ಟು, ಮುಂದಿನಿಂದ ಮತ್ತು ಪಕ್ಕದಿಂದ ತೆಗೆದ ಎರಡೂ ಚಿತ್ರಗಳಲ್ಲಿ ಅಂಚು ಒಂದೇ ವೃತ್ತದ ಮೇಲೆ ಹೋಗುತ್ತದೆಯೇ ಎಂದು ನೋಡುತ್ತಾರೆ. ಅದಕ್ಕೆ ಮೋಸೆ ವೃತ್ತಗಳು ಎನ್ನುತ್ತಾರೆ (ಕನ್ನಡದಲ್ಲಿ ಕೇಳಿದರೆ ಬೇರೆಯೇ ಅರ್ಥ ಬರುತ್ತದೆ, ಅದು ವ್ಯಕ್ತಿಯ ಹೆಸರು). 2 ಮಿಲಿಮೀಟರಿಗಿಂತ ಹೆಚ್ಚು ತಪ್ಪಿದರೆ ದುಂಡಗಿಲ್ಲ ಎಂದು ಲೆಕ್ಕ.

ಆದರೆ ನಿಮ್ಮ ನಾಲ್ಕು ಫಿಲ್ಮುಗಳಲ್ಲಿ ಕಾಲು ಒಂದೇ ರೀತಿ ಇತ್ತೇ? ಪಾದ ಹೊರಕ್ಕೆ ವಾಲಿದ್ದರೆ ಕತ್ತಿನ ಕೋನ ನಿಜಕ್ಕಿಂತ ಹೆಚ್ಚು ಕಾಣುತ್ತದೆ, ತಲೆಯ ಬೇರೆಯದೇ ಅಂಚು ಎದುರಿಗೆ ಬರುತ್ತದೆ. ನೋವಿರುವ ಮಗು ಕಾಲನ್ನು ಹೊರಕ್ಕೆ ಚೆಲ್ಲಿಯೇ ಮಲಗುತ್ತದೆ. ಫಿಲ್ಮುಗಳಲ್ಲಿ ತೊಡೆಮೂಳೆಯ ಒಳಬದಿಯಲ್ಲಿರುವ ಸಣ್ಣ ಉಬ್ಬನ್ನು ನೋಡಿ. ಒಂದರಲ್ಲಿ ಅದು ದೊಡ್ಡದಾಗಿ, ಇನ್ನೊಂದರಲ್ಲಿ ಚಿಕ್ಕದಾಗಿ ಕಂಡರೆ ಕಾಲು ತಿರುಗಿದೆ ಎಂದೇ ತಿಳಿಯಿರಿ.

ಕುಂಟೆಬಿಲ್ಲೆ
ನೋಡಿದೆ. ಮೊದಲ ಮೂರರಲ್ಲಿ ಬೇರೆ ಬೇರೆಯಾಗಿಯೇ ಇದೆ. ಮೊನ್ನೆಯದರಲ್ಲಿ ಎಲ್ಲಕ್ಕಿಂತ ದೊಡ್ಡದು. ಎಂದರೆ ನಾನು ಒಂದರ ಮೇಲೊಂದು ಇಟ್ಟದ್ದು ಬೇರೆ ಬೇರೆ ಅಂಚುಗಳನ್ನು. ಚಪ್ಪಟೆ ಇರುವುದು ನಿಜ, ಆದರೆ ಎಷ್ಟು ಕೆಟ್ಟಿತು ಎಂಬ ನನ್ನ ಲೆಕ್ಕಕ್ಕೆ ಬೆಲೆಯಿಲ್ಲ.

ಕತ್ತಲೆಕೋಣೆ
ಪ್ಲೇಟು ತೆಗೆದ ಮೇಲೆ ತೆಗೆಯುವ ಫಿಲ್ಮಿಗೆ ಮಂಡಿಚಿಪ್ಪು ನೇರ ಮೇಲ್ಮುಖವಾಗಿರಲಿ ಎಂದು ಕೇಳಿ. ಕೇಳಿದರೆ ನಮ್ಮಂಥವರು ಬೇಸರಿಸುವುದಿಲ್ಲ. ಆ ಫಿಲ್ಮಿನಿಂದ ಹೊಸ ಕಾಗದದಲ್ಲಿ ಶುರು ಮಾಡಿ.